ರೆಕ್ಕೆ ಹೊಲಿಯುತ್ತಿದ್ದ ತಾತ

ಅವರ ಬಲಗೈಯ ಕಿರುಬೆರಳಿನ ಒಳಮಗ್ಗುಲಲ್ಲಿ ಒಂದು ಗೆರೆ ಇತ್ತು. ಗಾಯದ ಕಲೆಯಲ್ಲ, ಹುಟ್ಟಿನಿಂದ ಬಂದದ್ದೂ ಅಲ್ಲ. ಮೇಣ ತಿಕ್ಕಿದ ದಾರವನ್ನು ಆ ಬೆರಳಿಗೆ ಸುತ್ತಿ ಸುತ್ತಿ ಎಳೆದು, ಮೂವತ್ತು ವರ್ಷದಲ್ಲಿ ಚರ್ಮ ಸವೆದು ಬಿದ್ದ ಕಾಲುವೆ. ಅದರೊಳಗೆ ಒಂದು ಬೆಂಕಿಕಡ್ಡಿ ಇಟ್ಟರೆ ಜಾರದೆ ನಿಲ್ಲುತ್ತಿತ್ತು. ಕೇಳಿದವರಿಗೆಲ್ಲ ಇಟ್ಟು ತೋರಿಸುತ್ತಲೂ ಇದ್ದರು. ಅದೇ ಕೈಯಲ್ಲಿ ಕುಡುಗೋಲು ಹಿಡಿದು ಅವರು ದಿನಾ ಕಾಲೇಜಿನ ಅಂಗಳಕ್ಕೆ ಹುಲ್ಲು ಕೊಯ್ಯಲು ಬರುತ್ತಿದ್ದರು. ಕಾಲೇಜಿನ ದೊಡ್ಡ ಮನುಷ್ಯರೆಲ್ಲ ಆ ಕುಡುಗೋಲು ನೋಡಿದರು, ಬೆರಳನ್ನು ಒಬ್ಬರೂ ನೋಡಲಿಲ್ಲ. ನನ್ನ ಸಿಟ್ಟು ಶುರುವಾಗುವುದೇ ಅಲ್ಲಿಂದ.

ನಾನು ಬೋರ್ಡ್ ಬರೆಯುವವನು. ಯಲಹಂಕದ ಹಳೇ ಊರಿನಲ್ಲಿ ನನ್ನ ಅಂಗಡಿ. ಒಂದು ಕಾಲದಲ್ಲಿ ಹೆಬ್ಬಾಳದಿಂದ ಈಚೆಗೆ ನಾನು ಬರೆಯದ ಅಂಗಡಿಯಿಲ್ಲ, ಲಾರಿಯಿಲ್ಲ, ಶಾಲೆಯ ಗೋಡೆಯಿಲ್ಲ. ಫ್ಲೆಕ್ಸ್ ಬಂತು, ನನ್ನ ಕುಂಚ ಒಣಗಿತು. ಆಮೇಲೆ ಸಿಕ್ಕಿದ್ದನ್ನು ಮಾಡುತ್ತಾ ಬಂದೆ. ಗೇಟಿಗೆ ಬಣ್ಣ, ನೀರಿನ ಟ್ಯಾಂಕಿಗೆ ಬಣ್ಣ. ಹಾಗೆ ಸಿಕ್ಕ ಕೆಲಸವೇ ನಮ್ಮ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನ ವಿಮಾನ. ಕಾಲೇಜಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅವರಿಗೆ ಪುಕ್ಕಟೆ ಜಾಹೀರಾತು.

ಆ ವಿಮಾನ ಕ್ಯಾಂಟೀನಿನ ಹಿಂದೆ ಮಳೆಮರದ ಕೆಳಗೆ ನಿಂತಿತ್ತು. ಒಂದರ ಮೇಲೊಂದು ಎರಡು ಜೊತೆ ರೆಕ್ಕೆ, ನಡುವೆ ಬಿಗಿದ ತಂತಿಗಳು, ಮುಂದೆ ಮರದ ಪಂಖ, ಹಿಂದೊಬ್ಬರು ಮುಂದೊಬ್ಬರು ಕೂರುವ ಹಾಗೆ ಮೇಲೆ ಮುಚ್ಚಿಗೆಯಿಲ್ಲದ ಎರಡು ಗುಳಿ. ಎಷ್ಟೋ ವರ್ಷದ ಹಿಂದೆ ಹುಡುಗರಿಗೆ ಪಾಠ ಹೇಳಲೆಂದು ತಂದದ್ದಂತೆ. ನಾನು ನೋಡುವ ಹೊತ್ತಿಗೆ ರೆಕ್ಕೆಯ ಬಟ್ಟೆ ಹರಿದು ಜೋತಾಡುತ್ತಿತ್ತು. ಗುಳಿಯಲ್ಲಿ ಟೀ ಲೋಟಗಳು ತುಂಬಿದ್ದವು. ಕ್ಯಾಂಟೀನಿನವನು ನೆಲ ಒರೆಸುವ ಬಟ್ಟೆಯನ್ನು ಆ ತಂತಿಗಳ ಮೇಲೆ ಒಣಹಾಕುತ್ತಿದ್ದ. ಅದರಿಂದ ನೂರು ಹೆಜ್ಜೆ ದೂರದಲ್ಲಿ, ಏಸಿ ಹಾಕಿದ ಕೋಣೆಯಲ್ಲಿ ವಿಮಾನದ ಬಗ್ಗೆಯೇ ಪಾಠ ನಡೆಯುತ್ತಿತ್ತು ಅನ್ನುವುದನ್ನು ಓದುಗರು ಗಮನಿಸಬೇಕು.

ಯಲಹಂಕದಲ್ಲಿ ಏರ್ ಶೋ ಹತ್ತಿರ ಬಂದಿತ್ತು. ಯಾರೋ ಗಣ್ಯರು ಕಾಲೇಜಿಗೂ ಬರುವವರಿದ್ದರು. ಚೇರ್ಮನ್ನರಿಗೆ ಇದ್ದಕ್ಕಿದ್ದಂತೆ ವಿಮಾನದ ನೆನಪಾಯಿತು. ಅದನ್ನು ತಳ್ಳಿಸಿ ಗೇಟಿನ ಹತ್ತಿರ ನಿಲ್ಲಿಸಿ, ಅವರ ಮ್ಯಾನೇಜರು ನನ್ನನ್ನು ಕರೆಸಿದ.

“ಫೈಟರ್ ಲುಕ್ ಬರ್ಬೇಕು ಗುರು. ಮೂತಿಗೆ ಶಾರ್ಕ್ ಹಲ್ಲು ಬರಿ. ಪಕ್ಕದಲ್ಲಿ ಬೋರ್ಡು, ‘ಶತ್ರುಗಳ ಎದೆ ನಡುಗಿಸಿದ ವೀರ ವಿಮಾನ’ ಅಂತ. ಚೆನ್ನಾಗಿದೆ ಅಲ್ವಾ?”

ಚೆನ್ನಾಗಿದೆ ಸಾರ್ ಅಂದೆ. ನನಗೇನು ಗೊತ್ತು? ಬಣ್ಣ ಬಳಿಯುವವನಿಗೆ ಗೋಡೆಯಾದರೇನು, ವಿಮಾನವಾದರೇನು. ಮಾರನೆಯ ದಿನ ಬೆಳಿಗ್ಗೆ ಎಮರಿ ಪೇಪರ್ ತಗೊಂಡು ಮೂತಿಯ ಎಡಮಗ್ಗುಲಿನ ತಗಡನ್ನು ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದೆ. ಬಲಮಗ್ಗುಲಿಗೆ ಕೈ ಹಾಕಿದ್ದೇ ತಡ, ಹಿಂದಿನಿಂದ ಕೂಗು ಬಂತು.

“ಏಯ್! ನಿಲ್ಸಲಾ! ಅದ್ರ ಎಸ್ರು ಅಳಿಸ್ತಾ ಇದ್ದೀಯಲ್ಲೋ, ಕೈಗೇನ್ ಬಂದೈತೆ ನಿಂಗೆ?”

ತಿರುಗಿ ನೋಡಿದರೆ ತಲೆ ಮೇಲೆ ಹುಲ್ಲಿನ ಹೊರೆ ಹೊತ್ತ ಮುದುಕರು. ಮೊಣಕಾಲಿನ ಮೇಲಕ್ಕೆ ಕಟ್ಟಿದ ಪಂಚೆ, ಗುಂಡಿಯಿಲ್ಲದ ಖಾಕಿ ಅಂಗಿ.

“ಯಾವ್ ಹೆಸ್ರು ತಾತ? ಇಲ್ಲಿ ಏನೂ ಇಲ್ವಲ್ಲ” ಅಂದೆ.

“ನೀನ್ ಅಂಗ್ ಉಜ್ಜಿದ್ಮೇಲೆ ಎಲ್ಲಿರ್ತೈತೆ?”

ಹೊರೆಯನ್ನು ಧೊಪ್ಪನೆ ಕೆಳಗೆ ಹಾಕಿ ಬಂದು, ನಾನು ಬೆಳ್ಳಗೆ ಮಾಡಿದ ಎಡಮಗ್ಗುಲನ್ನು ಅಂಗೈಯಿಂದ ಸವರಿದರು. ಆಮೇಲೆ ನನ್ನ ಡಬ್ಬದಿಂದ ಎಲ್ಲಕ್ಕಿಂತ ನಯವಾದ ಪೇಪರನ್ನು ಆರಿಸಿ, ನೀರಿನಲ್ಲಿ ಅದ್ದಿ, ಬಲಮಗ್ಗುಲಿನಲ್ಲಿ ರೂಪಾಯಿ ನಾಣ್ಯದಷ್ಟು ಜಾಗವನ್ನು ಮಾತ್ರ ಮೆಲ್ಲಗೆ ಸುತ್ತ ಸುತ್ತ ಉಜ್ಜಿದರು. ಹತ್ತು ನಿಮಿಷ ಹಿಡಿಯಿತು. ಅಡ್ಡ ಕೊಯ್ದ ಈರುಳ್ಳಿಯ ಹಾಗೆ ಒಂದರೊಳಗೊಂದು ಬಣ್ಣದ ಬಳೆಗಳು ಕಾಣಿಸಿಕೊಂಡವು. ಹೊರಗಿನದು ನೀಲಿ. ಅದು ಕಾಲೇಜಿನದು. ಅದರೊಳಗೆ ಬೆಳ್ಳಿ ಬಣ್ಣ. ಅದು ವಿಮಾನ ಕಲಿಸುವ ಕ್ಲಬ್ಬಿನದು. ಅದರೊಳಗೆ ಹಳದಿ.

“ಅಳದಿ ಯಾಕೆ ಗೊತ್ತೇನ್ಲಾ? ಕಲಿಯೋ ಉಡುಗ್ರು ಬತ್ತಾವ್ರೆ, ದೂರ ಇರ್ರಪ್ಪಾ ಅಂತ ಮಿಕ್ಕೋರ್ಗೆ ಏಳೋಕೆ. ಕಾರ್ಗೆ ಎಲ್ ಬೋರ್ಡ್ ಆಕಲ್ವಾ, ಅಂಗೆ.”

ಹಳದಿಯೊಳಗೆ ಇನ್ನೂ ಒಂದು ಚುಕ್ಕೆ ಇತ್ತು, ಮಣ್ಣು ಮತ್ತು ಹಸಿರು ಕಲೆಸಿದ ಬಣ್ಣ. ತಾತ ಅದರ ಮೇಲೆ ಉಗುರಿಟ್ಟರು. “ಇದು ದೊಡ್ಡ ಯುದ್ದದ್ ಕಾಲದ್ದು. ಆವಾಗ್ಲೇ ಮಾಡಿ, ಸಮುದ್ರದ್ ಮೇಲೆ ಅಡಗಲ್ಲಿ ಕಳ್ಸಿರೋದು. ಟೈಗರ್ ಮಾತ್ ಅಂತ ಇದ್ರ ಜಾತಿ.”

“ಹಾಗಾದ್ರೆ ಫೈಟರ್ರೇ ಅಲ್ವಾ ತಾತ? ಶತ್ರುಗಳ ಎದೆ ನಡುಗಿಸಿದ್ದು ಅಂತ ಬರೀಬೇಕು ನಾನು.”

“ಸತ್ರುಗಳ ಎದೆ?” ತಾತ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. “ಇದ್ರಲ್ಲಿ ಕೂತ್ಕಂಡಿದ್ ಉಡುಗ್ರ ಎದೆ ನಡುಗ್ತಿತ್ತು ಅಷ್ಟೆ, ಮೊದಲ್ನೇ ದಿನ.” ನಗು ಹಾಗೇ ನಿಂತಿತು, ಮುಖ ಕೆಂಪಾಯಿತು. “ಇದು ಒಬ್ಬರ್ನೂ ಸಾಯಿಸಿಲ್ಲ ಕಣ್ಲಾ. ಇದು ಮೇಸ್ಟ್ರು. ಮೇಸ್ಟ್ರಿಗೆ ಅಲ್ಲು ಬರೀತೀಯಾ ನೀನು?”

ಅವರ ಕಥೆ ಆಮೇಲೆ ತುಣುಕು ತುಣುಕಾಗಿ ತಿಳಿಯಿತು. ಅಟ್ಟೂರಿನವರು. ಹರೆಯದಲ್ಲಿ ಹತ್ತಿರದ ಹ್ಯಾಂಗರಿಗೆ ವಿಮಾನ ತಳ್ಳುವ ಕೂಲಿಗೆ ಹೋಗಿದ್ದರು. ಊಟದ ಹೊತ್ತಿನಲ್ಲಿ ಹರಿದ ಗೋಣಿಚೀಲ ಹೊಲಿಯುತ್ತಾ ಕೂತಿದ್ದಾಗ, ಅಲ್ಲಿನ ಹಿರಿಯ ಕೆಲಸಗಾರನೊಬ್ಬ ಆ ಹೊಲಿಗೆ ನೋಡಿ ರೆಕ್ಕೆಗೆ ಬಟ್ಟೆ ಹೊಲಿಯುವ ಕೆಲಸಕ್ಕೆ ಸೇರಿಸಿಕೊಂಡನಂತೆ. ಮರದ ಪಟ್ಟಿಗಳ ರೆಕ್ಕೆಗೆ ಬಟ್ಟೆ ಸುತ್ತಿ, ಮೊಳದುದ್ದದ ಸೂಜಿಯಿಂದ ಹೊಲಿದು, ಡೋಪು ಎಂಬ ಮೆರುಗೆಣ್ಣೆ ಬಳಿದರೆ ಬಟ್ಟೆ ಬಿಗಿದುಕೊಳ್ಳುತ್ತದೆ. ಬಟ್ಟೆಯ ವಿಮಾನಗಳ ಕಾಲ ಮುಗಿಯುವವರೆಗೂ ಅದೇ ಕೆಲಸ. ತಗಡಿನ ವಿಮಾನಗಳು ಬಂದ ಮೇಲೆ ಉಗ್ರಾಣದಲ್ಲಿ ಕೂರಿಸಿದರು. ನಿವೃತ್ತಿಯಾಗಿ ಬಂದು ಎರಡು ಹಸು ಸಾಕಿಕೊಂಡಿದ್ದರು. ಕ್ಯಾಂಟೀನಿನ ಹಿಂದೆ ಆ ವಿಮಾನ ಕಂಡ ದಿನದಿಂದ ಬೇರೆ ಕಡೆ ಹುಲ್ಲು ಸಿಕ್ಕರೂ ಅಲ್ಲಿಗೇ ಬರುತ್ತಿದ್ದರು. ಎಷ್ಟೋ ವರ್ಷ ಹೀಗೆ ಬಂದು ಹೋದರೂ ಕಾಲೇಜಿನವರಿಗೆ ಅವರು ಹುಲ್ಲಿನ ಮುದುಕ, ಅಷ್ಟೆ.

ಸುಳ್ಳು ಅವರಿಗೆ ಆಗುತ್ತಿರಲಿಲ್ಲ. ಅಂದಾಜನ್ನು ಅಂದಾಜು ಅಂತಲೇ ಹೇಳಬೇಕು. ರೆಕ್ಕೆಯ ಹರುಕಿನೊಳಗೆ ಇಣುಕಿ ದಾರದ ಗಂಟನ್ನು ನೋಡಿ ಒಮ್ಮೆ ಅಂದರು: “ಇದು ಎಡಗೈಯೋನ್ ಒಲ್ದಿರೋದು.” ಅವರಿಗೆ ಕೆಲಸ ಕಲಿಸಿದ ಹಿರಿಯನೂ ಎಡಗೈಯವನೇ ಅಂತ ನನಗೆ ಹೇಳಿದ್ದರು. “ಹಂಗಾದ್ರೆ ನಿಮ್ ಗುರುಗಳದ್ದೇ ತಾತ!” ಅಂತ ಕುಣಿದಾಡಿದೆ. “ಇರ್ಬೋದು. ಇಲ್ದೇನೂ ಇರ್ಬೋದು. ಊರಲ್ಲಿ ಎಡಗೈಯೋನು ಒಬ್ನೇನಾ? ಗೊತ್ತಿಲ್ದಿದ್ನ ಗೊತ್ತು ಅನ್ಬಾರ್ದು” ಅಂತ ಗದರಿದರು. ದೊಡ್ಡ ದೊಡ್ಡ ಡಿಗ್ರಿಯವರಿಗೆ ಈ ಒಂದು ಮಾತು ಗೊತ್ತಿದ್ದಿದ್ದರೆ ನಾನು ಇದನ್ನು ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲ.

ಈ ಜಾತಿಯ ವಿಮಾನ ಅಂತ ಹೇಳಿದರೆ ಸಾಲದು, ಯಾವ ವಿಮಾನ ಅಂತ ಹೇಳಬೇಕು, ಅದಕ್ಕೆ ಅದರ ನಂಬರ್ ಬೇಕು. ನಂಬರ್ ಸಿಕ್ಕರೆ ಯಾವುದಾದರೂ ಸಂಗ್ರಹಾಲಯ ತಗೊಂಡು ಹೋಗಿ ಸೂರು ಕೊಡುತ್ತದೆ. ಸಿಗದಿದ್ದರೆ ಗುಜರಿ. ಇದು ತಾತನ ಲೆಕ್ಕ. ಗುಳಿಯಲ್ಲಿದ್ದ ಹಿತ್ತಾಳೆ ಪಟ್ಟಿಯನ್ನು ಯಾರೋ ಕಿತ್ತುಕೊಂಡು ಹೋಗಿದ್ದರು. ಎಡಮಗ್ಗುಲಿನಲ್ಲಿ ಏನಿತ್ತೋ, ಅದನ್ನು ನಾನೇ ಉಜ್ಜಿ ಹಾಕಿದ್ದೆ. ಈ ಮಾತನ್ನು ಅವರು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೆನಪಿಸುತ್ತಿದ್ದರು. ಮೂರನೆಯ ದಿನ ಬಂದವರೇ ಬಲಮಗ್ಗುಲಿನ ತಗಡಿನ ಕೊಂಡಿ ಬಿಚ್ಚಿದರು.

“ಒಳಗಡೆ ನೋಡು. ಒಂದೊಂದ್ ತಗಡೂ ಅದ್ರುದ್ರ ಮಿಸನ್ನಿಗೇ ಕೂರಾದು. ಅದುಲು ಬದುಲು ಆಗ್ಬಾರ್ದು ಅಂತ ನಾವೇ ಒಳಮೈಗೆ ನಂಬರ್ ಬರೀತಿದ್ವಿ.”

ಒಳಮೈಯಲ್ಲಿ ಎಣ್ಣೆ ಜಿಡ್ಡು ಬಿಟ್ಟರೆ ಅವರಿಗೆ ಏನೂ ಕಾಣಲಿಲ್ಲ. ಕಣ್ಣು ಹತ್ತಿರ ತಂದರು, ದೂರ ಒಯ್ದರು. ಆದರೆ ಅಳಿಸಿದ ಅಕ್ಷರ ಓದುವುದು ನನ್ನ ಕಸುಬು. ಹಳೆಯ ಬೋರ್ಡಿನ ಮೇಲೆ ಹೊಸದು ಬರೆಯುವಾಗ ಕೆಳಗಿನದರ ಅಂಚು ಕಾಟ ಕೊಡುತ್ತದೆ. ಎಣ್ಣೆಬಣ್ಣದ ಅಂಚು ಎಷ್ಟು ವರ್ಷವಾದರೂ ಕೂದಲೆಳೆಯಷ್ಟು ಎತ್ತರ ಉಳಿದಿರುತ್ತದೆ. ಜಿಡ್ಡನ್ನು ಬಟ್ಟೆಯಿಂದ ಒತ್ತಿ ತೆಗೆದು, ತೆಳ್ಳಗಿನ ಕಾಗದ ಹಾಸಿ, ಮೇಲೆ ಇದ್ದಿಲ ಪುಡಿ ಸವರಿದೆ. ಮೊದಲು ಒಂದು ಅಂಕಿ ಎದ್ದಿತು. ಪಕ್ಕದಲ್ಲಿ ಇನ್ನೊಂದು. ಹೀಗೆ ಮೂರು. ಕುಂಚ ಹಿಡಿದು ಅವಸರದಲ್ಲಿ ಬರೆದ ಅಂಕಿಗಳು. ಅದೇ ಮೂರು ಅಂಕಿಗಳು ಸೀಟಿನ ಕೆಳಗಿನ ಕೊಳವೆಯ ಮೇಲೆ ಕುಟ್ಟಿದ ಉದ್ದದ ನಂಬರಿನ ಕೊನೆಯಲ್ಲಿ ಸಿಕ್ಕವು. ಎರಡೂ ತಾಳೆಯಾದಾಗ ತಾತ ನನ್ನ ಬೆನ್ನಿಗೆ ಗುದ್ದಿದ ಗುದ್ದು ಎರಡು ದಿನ ನೋಯುತ್ತಿತ್ತು. “ಎಸ್ರು ಸಿಕ್ತು ಕಣ್ಲಾ! ಅಳಿಸೋನೇ ಉಡುಕ್ಬುಟ್ಟ!”

ನಾವು ಕಾಲೇಜಿಗೆ ಅರ್ಜಿ ಬರೆದೆವು. ಅವರು ಹೇಳಿದರು, ನಾನು ನನ್ನ ಒಳ್ಳೆಯ ಅಕ್ಷರದಲ್ಲಿ ಬರೆದೆ. ಇದು ಯುದ್ಧಕಾಲದ ತರಬೇತಿ ವಿಮಾನ, ನಂಬರ್ ಇಂಥದ್ದು, ದಯವಿಟ್ಟು ಬಣ್ಣ ಬಳಿಯಬೇಡಿ, ಸೂರಿನ ಕೆಳಗೆ ನಿಲ್ಲಿಸಿ, ತಿಳಿದವರಿಗೆ ಬರೆಯಿರಿ. ಎರಡನೆಯ ದಿನ ಮ್ಯಾನೇಜರು ಒಳಗೆ ಕರೆದ. ಅಲ್ಲಿ ಟೈ ಕಟ್ಟಿದ ಇಬ್ಬರು ಪ್ರೊಫೆಸರುಗಳು ಕೂತಿದ್ದರು. ತಾತ ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಕುಡುಗೋಲನ್ನು ಚಪ್ಪಲಿಯ ಪಕ್ಕದಲ್ಲಿಟ್ಟು ಬಂದರು. ಕೂರಿ ಅಂತ ಯಾರೂ ಅನ್ನಲಿಲ್ಲ.

“ನೀವು ಏನಾಗಿದ್ರಿ? ಇಂಜಿನಿಯರ್ರಾ?” ಒಬ್ಬ ಕೇಳಿದ.

“ಇಲ್ಲ ಸಾಮಿ. ನಾನು ರೆಕ್ಕೆ ಒಲೀತಿದ್ದೆ.”

“ಏನ್ ಮಾಡ್ತಿದ್ರಿ?”

“ರೆಕ್ಕೆ. ರೆಕ್ಕೆ ಒಲೀತಿದ್ದೆ.”

ಇಬ್ಬರೂ ಮುಖ ಮುಖ ನೋಡಿಕೊಂಡರು. “ರೆಕ್ಕೆ ಇವ್ರಿಗೆ ಒಲೀತಂತೆ! ಪ್ರೇಮಕಥೆ!” ಅಂದ ಇನ್ನೊಬ್ಬ. ನಗು ಎದ್ದಿತು. ಮ್ಯಾನೇಜರ್ ಅಂತೂ ಮೇಜು ತಟ್ಟಿ ನಕ್ಕ. ‘ಹ’ಕಾರ ಬಾರದ ಒಂದು ಬಾಯಿ, ಅಷ್ಟೆ. ಹೊಲಿಯುತ್ತಿದ್ದೆ ಅಂತ ಅವರು ಹೇಳುತ್ತಿದ್ದಾರೆ ಅನ್ನುವುದು ಈ ನೆಲದಲ್ಲಿ ಹುಟ್ಟಿದ ಯಾರಿಗೂ ತಿಳಿಯುತ್ತದೆ. ಅವರಿಗೂ ತಿಳಿದಿತ್ತು. ತಿಳಿದೇ ನಕ್ಕರು. ಆ ಕಾಲೇಜು ಕಟ್ಟಿರುವ ನೆಲದಲ್ಲಿ ಅದಕ್ಕೆ ಮೊದಲು ‘ಹ’ಕಾರವಿಲ್ಲದ ಬಾಯಿಗಳೇ ರಾಗಿ ಬೆಳೆದು ಉಣ್ಣುತ್ತಿದ್ದವು. ತಾತನಿಗೆ ಮಾತ್ರ ಯಾಕೆ ನಗುತ್ತಿದ್ದಾರೆ ಅಂತ ಗೊತ್ತಾಗಲಿಲ್ಲ. ಅವರೂ ಮರ್ಯಾದೆಗೆ ಸ್ವಲ್ಪ ನಕ್ಕರು. ಆ ನಗುವನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಅರ್ಜಿ ಎಲ್ಲಿ ಹೋಯಿತೋ ಗೊತ್ತಿಲ್ಲ. ನನ್ನ ತಪ್ಪನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಲ್ಲು ಬರೆಯುವುದಿಲ್ಲ ಅಂದೆ. ಅದಕ್ಕೆ ಅವರು ಹಲ್ಲಿನ ಸ್ಟಿಕ್ಕರ್ ತಂದು ಅಂಟಿಸಿದರು. ಆದರೆ ಬೋರ್ಡ್ ಬರೆದುಕೊಟ್ಟೆ. ‘ಶತ್ರುಗಳ ಎದೆ ನಡುಗಿಸಿದ ವೀರ ವಿಮಾನ.’ ಹಳದಿಯ ಮೇಲೆ ಕೆಂಪಕ್ಷರ, ಕೆಳಗೆ ಕಪ್ಪು ನೆರಳು. ಆ ತಿಂಗಳು ಬೇರೆ ಕೆಲಸವಿರಲಿಲ್ಲ, ಮನೆಯಲ್ಲಿ ಹೆಂಡತಿಗೆ ಮುಖ ತೋರಿಸುವಂತಿರಲಿಲ್ಲ. ಬರೆದೆ. ತಾತ ಹದಿನೈದು ದಿನ ನನ್ನ ಜೊತೆ ಮಾತು ಬಿಟ್ಟರು. ಹದಿನಾರನೆಯ ದಿನ ಅಂಗಡಿಗೆ ಬಂದು, ಒಂದು ಲೋಟ ಹಾಲು ಮುಂದಿಟ್ಟು, “ಅಕ್ಸರ ಸಂದಾಕೈತೆ ಕಣಪ್ಪಾ. ಮಾತೇ ಸುಳ್ಳು” ಅಂದರು.

ಗಣ್ಯರು ಬಂದರು, ವಿಮಾನದ ಮುಂದೆ ಫೋಟೋ ತೆಗೆಸಿಕೊಂಡರು, ಹೋದರು. ಆಯುಧ ಪೂಜೆಯ ದಿನ ಕಾಲೇಜಿನ ಬಸ್ಸುಗಳ ಜೊತೆ ಅದಕ್ಕೂ ಕುಂಕುಮ ಇಟ್ಟು, ಪಂಖಕ್ಕೆ ಬಾಳೆಕಂದು ಕಟ್ಟಿದರು. ತಾತ ಅದನ್ನು ನೋಡಿ ಖುಷಿಪಟ್ಟರು. ಪೂಜೆ ಮಾಡಿದವರು ಕೈಬಿಡುವುದಿಲ್ಲ ಅಂತ ನಂಬಿದ್ದರು ಪಾಪ. ಆದರೆ ಆ ವರ್ಷವೇ ಗೇಟಿಗೆ ದೊಡ್ಡ ಕಮಾನು ಕಟ್ಟಿಸುವ ಯೋಚನೆ ಬಂತು. ವಿಮಾನ ಅಡ್ಡವಾಯಿತು. “ಅದು ಕಂಡಮ್ ಪೀಸು, ಎತ್ತಿಸ್ಬಿಡಿ” ಅಂತ ಚೇರ್ಮನ್ನರು ಫೋನಿನಲ್ಲೇ ಅಂದರಂತೆ.

ಕಂಡಮ್, ಅಂದರೆ ಇನ್ನು ಕೆಲಸಕ್ಕೆ ಬಾರದ್ದು. ತಾತನಿಗೆ ಎಲ್ಲಿಲ್ಲದ ಸಿಟ್ಟು ಬರಿಸುತ್ತಿದ್ದ ಮಾತು ಇದೊಂದೇ. ಹ್ಯಾಂಗರಿನಲ್ಲಿ ಒಂದು ಸಾಮಾನನ್ನು ಕಂಡಮ್ ಮಾಡಬೇಕಾದರೆ ಮೂರು ಜನ ಬಿಚ್ಚಿ ನೋಡಿ, ಅಳೆದು, ಸಹಿ ಹಾಕಬೇಕಿತ್ತಂತೆ. “ಈಗ ನೋಡು, ಯಾವೋನು ಏನೂ ನೋಡ್ದೇನೆ ಕಂಡಮ್ಮು ಅಂತಾನೆ” ಅನ್ನುತ್ತಿದ್ದರು.

ವಿಮಾನ ಎತ್ತಿಸಿದ ದಿನ ತಾತ ನನಗೆ ಫೋನ್ ಮಾಡಿಸಿದ್ದು ಬೆಳಿಗ್ಗೆ ಎಂಟಕ್ಕೆ. ನಾನು ಹೋಗುವಷ್ಟರಲ್ಲಿ ಮುಗಿದಿತ್ತು. ಲಾರಿಯ ಅಗಲಕ್ಕೆ ರೆಕ್ಕೆ ಹಿಡಿಸಲಿಲ್ಲ ಅಂತ ಮರ ಕೊಯ್ಯುವ ಮಿಷನ್ ತಂದು ರೆಕ್ಕೆಗಳನ್ನು ಬುಡದಲ್ಲೇ ಕೊಯ್ದು ಹಾಕಿದ್ದರು. ಮರದ ಚೂರು, ದಾರದ ತುಂಡು, ಹರಿದ ಬಟ್ಟೆ ಗೇಟಿನ ತುಂಬ ಚೆಲ್ಲಿತ್ತು. ಯುದ್ಧದಲ್ಲಿ ಮುರಿಯದೆ, ಕಲಿಯುವ ಹುಡುಗರು ನೆಲಕ್ಕೆ ಕುಕ್ಕಿದರೂ ಮುರಿಯದೆ, ಇಷ್ಟು ವರ್ಷದ ಮಳೆಗೂ ಜಗ್ಗದೆ ನಿಂತದ್ದನ್ನು ವಿದ್ಯೆ ಕಲಿಸುವ ಜಾಗದಲ್ಲಿ ಅರ್ಧ ಗಂಟೆಯಲ್ಲಿ ಮುಗಿಸಿದ್ದರು. ತಾತ ಆ ರಾಶಿಯ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದರು.

“ಕೇಳಿದ್ರೆ ನಾನೇ ಬಿಚ್ಕೊಡ್ತಿದ್ನಲ್ಲೋ” ಅಂದರು. “ತಂತಿ ಸಡ್ಲ ಮಾಡಿ, ಒಂದೊಂದ್ ಕಡೆಗೆ ನಾಕ್ ಪಿನ್ನು ಕಣ್ಲಾ. ನಾಕು ಪಿನ್ನು. ರೆಕ್ಕೆ ಕೈಗ್ ಬತ್ತಿತ್ತು. ನಾನಿಲ್ಲೇ ಉಲ್ಲು ಕುಯ್ತಾ ಇದ್ದೆ. ಒಬ್ಬನೂ ಕೇಳ್ಲಿಲ್ಲ.”

ಅವರು ಕಣ್ಣೀರು ಹಾಕಿದ್ದನ್ನು ನೋಡಿದ್ದು ಅದೊಂದೇ ಸಲ. ನಾನು ಮ್ಯಾನೇಜರನ ಹತ್ತಿರ ಹೋಗಿ ಬಾಯಿಗೆ ಬಂದಂತೆ ಬೈದೆ. ಇಲ್ಲಿ ಅಚ್ಚು ಹಾಕಲಾಗದ ಮಾತುಗಳು. ಸೆಕ್ಯುರಿಟಿಯವರು ನನ್ನನ್ನು ಗೇಟಿನಾಚೆ ಬಿಟ್ಟರು. ಆ ಕಾಲೇಜಿನ ಕೆಲಸ ನನಗೆ ಅಲ್ಲಿಗೆ ನಿಂತಿತು.

ಲಾರಿ ಹೋದದ್ದು ತುಮಕೂರು ರಸ್ತೆಯ ಮಾಕಳಿಗೆ, ಒಂದು ಗುಜರಿ ಅಂಗಡಿಗೆ. ಅವತ್ತೇ ತಾತನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದೆ. ಅಂಗಡಿಯ ಭಾಯ್ ಆಗಲೇ ಗ್ಯಾಸ್ ಕಟರ್ ಹೊತ್ತಿಸಿದ್ದರು. ತಾತ ಓಡಿದರು. ಆ ವಯಸ್ಸಿನವರು ಅಷ್ಟು ಜೋರಾಗಿ ಓಡಿದ್ದನ್ನು ನಾನು ನೋಡಿಲ್ಲ. ಹೋಗಿ ವಿಮಾನದ ಮೈಗೂ ಬೆಂಕಿಗೂ ನಡುವೆ ನಿಂತುಬಿಟ್ಟರು. ಇಲ್ಲೂ ನಗುತ್ತಾರೆ, ಇಲ್ಲೂ ಹೊರಗೆ ಹಾಕುತ್ತಾರೆ ಅಂತ ನಾನು ಹಲ್ಲು ಕಚ್ಚಿಕೊಂಡು ಕಾಯುತ್ತಿದ್ದೆ. ಭಾಯ್ ಕಟರ್ ಆರಿಸಿದರು. ಒಂದು ಕುರ್ಚಿ ಎಳೆದು ಹಾಕಿದರು.

“ಕೂತ್ಕೊಳಿ ಚಾಚಾ. ಉಸಿರು ತಗೊಳಿ. ನಂಗೆ ಕಬ್ಬಿಣ ಅಷ್ಟೇ ಗೊತ್ತು. ನೀವ್ ಹೇಳಿ, ಯಾವ್ದನ್ನ ಮುಟ್ಬಾರ್ದು?”

ಅಷ್ಟು ವರ್ಷದಲ್ಲಿ ಆ ವಿಮಾನವನ್ನು ಏನು ಮಾಡಬೇಕು ಅಂತ ತಾತನನ್ನು ಕೇಳಿದ ಮೊದಲ ಮನುಷ್ಯ ಅವರು. ಎಷ್ಟು ಜನ ಪ್ರೊಫೆಸರುಗಳಿದ್ದರು ಆ ಕಾಲೇಜಿನಲ್ಲಿ, ಕೇಳಬೇಕಾದದ್ದನ್ನು ಕೇಳಿದ್ದು ಮಾಕಳಿಯ ಗುಜರಿಯವರು. ತಾತ ಒಂದೊಂದನ್ನೇ ತೋರಿಸಿದರು. ಕೊಳವೆಗಳ ಮೈ, ಎಂಜಿನ್ನು, ನಂಬರಿನ ತಗಡು, ಬಾಲ, ಕೊಯ್ಯುವಾಗ ಹೇಗೋ ಉಳಿದ ಕೆಳಗಿನ ಅರ್ಧ ರೆಕ್ಕೆ. ಭಾಯ್ ಎಲ್ಲದರ ಮೇಲೂ ಸೀಮೆಸುಣ್ಣದಲ್ಲಿ ಗುರುತು ಹಾಕಿಸಿದರು, ಮೇಲೆ ಟಾರ್ಪಾಲು ಹೊದಿಸಿದರು. ಮಾರನೆಯ ವಾರ ತಮ್ಮದೇ ಗಾಡಿಯಲ್ಲಿ ಅಟ್ಟೂರಿಗೆ ತಂದು ಇಳಿಸಿದರು. ಏನು ಕೊಡಬೇಕು ಅಂತ ಕೇಳಿದರೆ, “ಹಾಲು ಕಾಯಿಸಿ, ಚಾ ಮಾಡಿಸಿ” ಅಂದರು.

ತಾತ ಹಸುಗಳನ್ನು ಬಯಲಿನಲ್ಲಿ ಕಟ್ಟಿ, ಕೊಟ್ಟಿಗೆಯನ್ನು ವಿಮಾನಕ್ಕೆ ಬಿಟ್ಟುಕೊಟ್ಟರು. “ನಮ್ಮಪ್ಪಂಗೆ ಅರಳು ಮರಳು” ಅಂತ ಮಗಳು ಗೊಣಗುತ್ತಲೇ ಇಬ್ಬರಿಗೂ ಮುದ್ದೆ ಬಡಿಸುತ್ತಿದ್ದಳು. ಎರಡು ವರ್ಷ ನಾನು ಭಾನುವಾರ ಬೇರೆಲ್ಲಿಗೂ ಹೋಗಲಿಲ್ಲ. ತುಕ್ಕು ತೆಗೆದೆವು, ಕೊಳವೆಗಳಿಗೆ ಬಣ್ಣ ಕೊಟ್ಟೆವು. ಎಲ್ಲಕ್ಕಿಂತ ಕೊನೆಯಲ್ಲಿ ಬಾಲದ ಚುಕ್ಕಾಣಿಗೆ ಬಟ್ಟೆ ಹೊಲಿಯಲು ಕೂತೆವು. ಅದನ್ನು ನೆಟ್ಟಗೆ ನಿಲ್ಲಿಸಿ ಆ ಕಡೆ ಒಬ್ಬರು, ಈ ಕಡೆ ಒಬ್ಬರು ಕೂರಬೇಕು. ಅವರು ಚುಚ್ಚಿದ ಸೂಜಿ ನನ್ನ ಕಡೆ ಬರುತ್ತದೆ, ಎಳೆದು ನಾನು ತಿರುಗಿ ಚುಚ್ಚಬೇಕು. ನಡುವೆ ಬಟ್ಟೆ, ಮುಖ ಕಾಣುವುದಿಲ್ಲ. ಪ್ರತಿಯೊಂದು ಹೊಲಿಗೆಗೂ ಬೇರೆ ಗಂಟು. ಒಂದು ಬಿಚ್ಚಿದರೂ ಮಿಕ್ಕವು ಹಿಡಿದಿರಬೇಕು. ನನ್ನ ಗಂಟು ಸಡಿಲವಾದರೆ ದಾರದಲ್ಲೇ ಗೊತ್ತಾಗುತ್ತಿತ್ತು ಅವರಿಗೆ. “ಬಿಚ್ಚು” ಅನ್ನುತ್ತಿದ್ದರು ಆ ಕಡೆಯಿಂದ. ಒಂದೇ ಗಂಟನ್ನು ಏಳು ಸಲ ಬಿಚ್ಚಿಸಿದ್ದಾರೆ. ಡೋಪು ಬಳಿದ ದಿನ ಅಟ್ಟೂರಿನ ಆ ಬೀದಿಯೆಲ್ಲ ಉಗುರುಬಣ್ಣದ ವಾಸನೆ. ಒಣಗಿದ ಮೇಲೆ ಬೆರಳಲ್ಲಿ ತಟ್ಟಿದರೆ ತಮಟೆಯ ಹಾಗೆ ಮಿಡಿಯಿತು. ಅವತ್ತು ನಾನು ಕೇಳಿದೆ, ಎಲ್ಲಾದರೂ ಒಳಗೆ ನಿಮ್ಮ ಹೆಸರು ಬರೆಯಲಾ ಅಂತ.

“ಬರ್ಯೋದಾದ್ರೆ ಅದ್ರ ಎಸ್ರು ಬರಿ. ನನ್ ಎಸ್ರು ರೇಸನ್ ಕಾರ್ಡಲ್ಲೈತೆ, ಸಾಕು.”

ಅದಕ್ಕೇ ಇಲ್ಲೂ ಬರೆಯುತ್ತಿಲ್ಲ.

ಸಂಗ್ರಹಾಲಯಗಳಿಗೆ ನಾವು ಕಳಿಸಿದ ಪತ್ರಗಳಲ್ಲಿ ಒಂದಕ್ಕೆ ಕೊನೆಗೂ ಉತ್ತರ ಬಂತು. ಊರಾಚೆಯ ಒಂದು ಖಾಸಗಿ ಸಂಗ್ರಹಾಲಯದಿಂದ ಇಬ್ಬರು ಬಂದರು. ತಂದಿದ್ದ ಪಟ್ಟಿಯಲ್ಲಿ ನಂಬರ್ ಹುಡುಕಿದರು. ತಾತ ಹೇಳಿದ್ದೆಲ್ಲ ನಿಜ. ಯುದ್ಧದ ಕಾಲದಲ್ಲಿ ತಯಾರಾದದ್ದು, ಹಡಗಿನಲ್ಲಿ ಬಂದದ್ದು, ಕಳೆದುಹೋಯಿತು ಅಂತ ಅವರ ಪಟ್ಟಿಯಲ್ಲಿ ಗೆರೆ ಎಳೆದದ್ದು. ಅವರಲ್ಲಿ ಹಿರಿಯರು ಚುಕ್ಕಾಣಿಯ ಹೊಲಿಗೆಯನ್ನು ಬಹಳ ಹೊತ್ತು ನೋಡಿ, ಯಾರು ಹೊಲಿದದ್ದು ಅಂತ ಕೇಳಿದರು. “ನಾನೂ ಈ ಪೇಂಟ್ರೂವೆ” ಅಂದರು ತಾತ. ನನ್ನ ಜೀವನದಲ್ಲಿ ಅದಕ್ಕಿಂತ ದೊಡ್ಡ ಸನ್ಮಾನ ನನಗೆ ಆಗಿಲ್ಲ.

ಆದರೆ ಸಂಗ್ರಹಾಲಯಕ್ಕೆ ಕಾಗದ ಬೇಕು. ವಿಮಾನ ಯಾರದು, ಯಾರು ಕೊಟ್ಟರು? ಕಾಲೇಜಿನ ರಿಜಿಸ್ಟರಿನಲ್ಲಿ ಅದು ಇನ್ನೂ ಕಾಲೇಜಿನದೇ ಆಗಿತ್ತು. ಕಂಡಮ್ ಅಂದವರು ಅದನ್ನು ಪುಸ್ತಕದಿಂದ ತೆಗೆಯುವ ಕಷ್ಟವನ್ನೂ ತಗೊಂಡಿರಲಿಲ್ಲ. ಸಂಗ್ರಹಾಲಯದವರು ಕೇಳಿದಾಗ ಚೇರ್ಮನ್ನರು ಸಂತೋಷದಿಂದ ಸಹಿ ಹಾಕಿದರು. ಒಂದೇ ಷರತ್ತು, ಬೋರ್ಡಿನಲ್ಲಿ ಅವರ ಹೆಸರಿರಬೇಕು. ನಾನು ಕೂಗಾಡಿದೆ. ತಾತ ಮಾತ್ರ, “ಬರ್ಕಳ್ಲಿ ಬುಡು. ಅದುಕ್ಕೊಂದು ಸೂರು ಸಿಕ್ತಲ್ಲ” ಅಂದರು. ಲಾರಿಗೆ ಏರಿಸುವ ದಿನ ಅವರಿಗೆ ಉಸಿರಾಟದ ತೊಂದರೆ ಹೆಚ್ಚಾಗಿ ಮಂಚ ಹಿಡಿದಿದ್ದರು. ಮಂಚವನ್ನೇ ಬಾಗಿಲಿಗೆ ಎಳೆಸಿಕೊಂಡು, ಹಗ್ಗ ಎಲ್ಲಿ ಕಟ್ಟಬೇಕು, ಎಲ್ಲಿ ಕೈ ಇಡಬಾರದು ಅಂತ ಏದುಸಿರಿನಲ್ಲೇ ಕೂಗಿ ಹೇಳಿದರು. ಆಳುಗಳು ಅವರು ಹೇಳಿದ ಹಾಗೇ ಕಟ್ಟಿದರು. ಲಾರಿ ಹೋದ ಹನ್ನೊಂದನೆಯ ದಿನ ಬೆಳಿಗ್ಗೆ, ಮಗಳು ಹಾಲು ಕರೆದು ಒಳಗೆ ಬರುವಷ್ಟರಲ್ಲಿ ತಾತ ಹೋಗಿಬಿಟ್ಟಿದ್ದರು. ಮಣ್ಣಿಗೆ ಊರಿನವರೆಲ್ಲ ಬಂದರು, ಮಾಕಳಿಯಿಂದ ಭಾಯ್ ಬಂದರು. ಕಾಲೇಜಿನಿಂದ ಯಾರೂ ಬರಲಿಲ್ಲ.

ಎರಡು ತಿಂಗಳ ಮೇಲೆ ಸಂಗ್ರಹಾಲಯದಿಂದ ನನಗೆ ಫೋನ್ ಬಂತು. ವಿಮಾನಕ್ಕೆ ಹಳದಿ ಬಳಿದಿದ್ದಾರೆ, ಮೈಮೇಲೆ ನಂಬರ್ ಬರೆಯಬೇಕು, ಕೈಬರಹವೇ ಆಗಬೇಕು. ಹೋದೆ. ಬರೆದೆ. ಮುಗಿಸಿ ಕುಂಚ ತೊಳೆಯುತ್ತಿದ್ದಾಗ ಅಲ್ಲಿನ ಆಫೀಸಿನವನು ಒಂದು ಚೀಟಿ ತಂದುಕೊಟ್ಟ.

“ಇದನ್ನೂ ಬೋರ್ಡ್ ಮೇಲೆ ಬರೆದ್ಬಿಡಿ ಸಾರ್. ನಾಳೆ ಉದ್ಘಾಟನೆ.”

ಚೀಟಿಯಲ್ಲಿ ‘ಈ ವಿಮಾನವನ್ನು ಗುರುತಿಸಿ ಸಂರಕ್ಷಿಸಿದವರು’ ಅಂತ ಇತ್ತು. ಕೆಳಗೆ ಚೇರ್ಮನ್ನರ ಹೆಸರು, ಹಿಂದೆ ಮುಂದೆ ಬಿರುದುಗಳು.

“ರೆಕ್ಕೆ ಕೊಯ್ಸಿದೋರ ಹೆಸ್ರು ಎಲ್ಲಿ ಬರೀಲಿ?” ಅಂತ ಕೇಳಿದೆ. ತಮಾಷೆ ಅಂದುಕೊಂಡು ಅವನು ನಕ್ಕ. ಆ ಶಾರ್ಕ್ ಹಲ್ಲೊಂದನ್ನು ಬಿಟ್ಟರೆ, ಬಂದ ಕೆಲಸವನ್ನು ಆವರೆಗೂ ಒಲ್ಲೆ ಅಂದು ವಾಪಸ್ ಕಳಿಸಿದವನಲ್ಲ ನಾನು. ಸುಳ್ಳನ್ನೂ ಬರೆದುಕೊಟ್ಟವನು. ಚೀಟಿಯನ್ನು ಅವನ ಕೈಗೇ ವಾಪಸ್ ಕೊಟ್ಟು ಬಂದೆ. ಅವರಿಗೇನೂ ತೊಂದರೆಯಾಗಲಿಲ್ಲ. ಸಂಜೆಯೊಳಗೆ ಫ್ಲೆಕ್ಸ್ ಬಂತು. ಈಗಲೂ ಅಲ್ಲೇ ಇದೆ, ಹೋದವರು ನೋಡಬಹುದು.

ತಿಂಗಳಿಗೊಂದು ಸಲ ನಾನೂ ಟಿಕೆಟ್ ತಗೊಂಡು ಹೋಗುತ್ತೇನೆ. ಆ ಫ್ಲೆಕ್ಸ್ ಓದುತ್ತಾ ಯಾರಾದರೂ ನಿಂತರೆ ಹತ್ತಿರ ಹೋಗಿ ಹೇಳುತ್ತೇನೆ. ಇದು ಸುಳ್ಳು ಕಣ್ರೀ, ಇದನ್ನು ಗುರುತಿಸಿದ್ದು ಅಟ್ಟೂರಿನ ಹಸು ಸಾಕುವ ಒಬ್ಬ ಮುದುಕರು, ಆ ಬಾಲದ ಬಟ್ಟೆ ನೋಡಿ, ಅದು ಅವರು ಹೊಲಿದದ್ದು. ದನಿ ತಗ್ಗಿಸಿ ಮಾತಾಡಿ ಅಂತ ಅಲ್ಲಿನ ಸೆಕ್ಯುರಿಟಿಯವನು ನನಗೆ ಎರಡು ಸಲ ಹೇಳಿದ್ದಾನೆ. ನಾನು ತಗ್ಗಿಸಿಲ್ಲ.